ಶಕ್ತಿಸುರುಳಿಯ ಪ್ರೊಫೆಸರು

ಅವರು ತೀರಿಕೊಂಡ ಸುದ್ದಿ ನನಗೆ ಸಿಕ್ಕಿದ್ದು ಚಿಂತಾಮಣಿಯ ತರಕಾರಿ ಮಾರ್ಕೆಟ್ಟಿನಲ್ಲಿ. ಟೊಮೇಟೊ ಕ್ರೇಟುಗಳ ನಡುವೆ ನಿಂತಿದ್ದ ಹಳೆಯ ವಿದ್ಯಾರ್ಥಿಯೊಬ್ಬ, ಈಗ ಮಂಡಿ ಇಟ್ಟುಕೊಂಡಿರುವವನು, ನನ್ನನ್ನು ಕಂಡು ಕೈ ಒರೆಸಿಕೊಳ್ಳುತ್ತಾ ಬಂದ.

"ಮೇಡಂ, ನಮ್ ಫಿಸಿಕ್ಸ್ ಸಾರ್ ಹೋಗ್ಬಿಟ್ರಂತೆ. ಎಂಥಾ ಮೇಷ್ಟ್ರು ಮೇಡಂ! ಅಂಥೋರು ಇನ್ನು ಹುಟ್ಟಲ್ಲ."

"ಹುಟ್ಟದೇ ಇದ್ರೆ ಒಳ್ಳೇದಪ್ಪ" ಎಂದೆ.

ನನಗೆ ಕಿವಿ ಮಂದವಾಗಿದೆಯೆಂದು ತಿಳಿದ ಅವನು ಅದನ್ನೇ ಇನ್ನೊಮ್ಮೆ ಗಟ್ಟಿಯಾಗಿ ಹೇಳಿದ.

ಸತ್ತವರ ಮೇಲೆ ಹೀಗೆಲ್ಲ ಬರೆಯಬಾರದು ಎಂದು ನನ್ನ ಅತ್ತಿಗೆ ಹೇಳುತ್ತಾಳೆ. ಬದುಕಿದ್ದಾಗ ಅವರ ಮುಖಕ್ಕೇ ಹೇಳಿದ್ದೇನೆ, ಆದ್ದರಿಂದ ಈಗ ಬರೆಯುವುದರಲ್ಲಿ ನನಗೇನೂ ಸಂಕೋಚವಿಲ್ಲ. ಹೆಸರನ್ನು ಮಾತ್ರ ಬರೆಯುವುದಿಲ್ಲ. ಅವರ ಹೆಂಡತಿ ಒಳ್ಳೆಯ ಹೆಂಗಸು.

ಎಂಬತ್ತರ ದಶಕದ ನಡುವಿನಲ್ಲಿ ನಾನು ಚಿಂತಾಮಣಿಯ ಕಾಲೇಜೊಂದಕ್ಕೆ ಭೌತಶಾಸ್ತ್ರದ ಉಪನ್ಯಾಸಕಿಯಾಗಿ ಸೇರಿದೆ. ನಮ್ಮ ಮನೆ ಶಿಡ್ಲಘಟ್ಟದಲ್ಲಿ. ದಿನಾ ಬಸ್ಸಿನಲ್ಲಿ ಹೋಗಿ ಬರುತ್ತಿದ್ದೆ. ಅವರು ನನ್ನ ವಿಭಾಗದ ಮುಖ್ಯಸ್ಥರು. ಮೊದಲ ದಿನವೇ ನನ್ನನ್ನು ಮೇಲಿನಿಂದ ಕೆಳಗೆ ನೋಡಿ, "ನಿಮ್ಮೋರಲ್ಲಿ ಹೆಣ್ಣುಮಕ್ಕಳು ಫಿಸಿಕ್ಸ್ ಓದ್ತಾರಾ? ಸಂತೋಷ, ಸಂತೋಷ" ಎಂದರು. ಎರಡನೆಯ 'ಸಂತೋಷ' ಹೇಳುವಷ್ಟರಲ್ಲಿ ಅವರ ಕಣ್ಣು ಕಿಟಕಿಯಾಚೆ ಹೋಗಿತ್ತು.

ಎತ್ತರದ ಆಳು, ದೊಡ್ಡ ಹಣೆ, ಬೇಸಿಗೆಯಲ್ಲೂ ಕೋಟು. ಕೋಟಿನ ಮೇಲಿನ ಜೇಬಿನಲ್ಲಿ ಪೆನ್ನಿನ ಜೊತೆಗೆ ತಾಮ್ರದ ತಂತಿಯ ಒಂದು ಪುಟ್ಟ ಸುರುಳಿ ಇಣುಕುತ್ತಿತ್ತು. ಅದೇನು ಸಾರ್ ಎಂದು ಯಾರಾದರೂ ಕೇಳಲಿ ಎಂದೇ ಅದನ್ನು ಇಟ್ಟುಕೊಂಡಿದ್ದರು. ಕೇಳಿದರೆ ಕಣ್ಣು ಮುಚ್ಚಿ, "ಇದರೊಳಗೆ ಇಡೀ ಪ್ರಪಂಚ ಇದೆಯಪ್ಪ" ಎನ್ನುತ್ತಿದ್ದರು. ತರಗತಿಯಲ್ಲೂ ಪಾಠ ಅಷ್ಟೇ. "ಕಾಯಿಲ್ ಅಂದ್ರೇನು? ಸುತ್ತು. ಭೂಮಿ ಸುತ್ತು, ಜನ್ಮ ಸುತ್ತು, ಸಂಸಾರ ಸುತ್ತು." ಹುಡುಗರು ಚಪ್ಪಾಳೆ ತಟ್ಟುತ್ತಿದ್ದರು. ಆಮೇಲೆ ಹಳೆಯ ನೋಟ್ಸು ಬಿಚ್ಚಿ ಗಂಟೆ ಹೊಡೆಯುವವರೆಗೆ ಬರೆಸುತ್ತಿದ್ದರು. ಆ ನೋಟ್ಸಿನಲ್ಲಿದ್ದ ತಪ್ಪುಗಳು ಅಣ್ಣನಿಂದ ತಮ್ಮನಿಗೆ ಇಳಿದು ಬಂದು ಪರೀಕ್ಷೆಯಲ್ಲಿ ಮತ್ತೆ ನನ್ನ ಕೈಗೆ ಸಿಗುತ್ತಿದ್ದವು.

ಲ್ಯಾಬಿಗೆ ಬೀಗ. ಉಪಕರಣಗಳು ಹಾಳಾಗುತ್ತವೆ ಎನ್ನುವುದು ಅವರ ಭಯ. ಪ್ರಾಕ್ಟಿಕಲ್ ದಿನ ರೀಡಿಂಗುಗಳನ್ನು ಬೋರ್ಡಿನ ಮೇಲೆ ಅವರೇ ಬರೆದುಬಿಡುತ್ತಿದ್ದರು. ಮಕ್ಕಳು ಅದನ್ನು ನಕಲು ಮಾಡಿಕೊಂಡು ಗ್ರಾಫ್ ಎಳೆದರೆ ಮುಗಿಯಿತು.

ಒಂದು ಸಲ ಮಾತ್ರ ಅವರೇ ಉತ್ಸಾಹದಿಂದ ಬೀಗ ತೆಗೆದರು. ಕಾಲೇಜಿಗೆ ತನಿಖೆಯವರು ಬರುವುದಿತ್ತು. ಗ್ಯಾಲ್ವನೋಮೀಟರನ್ನು ಮೇಜಿನ ಮೇಲಿಟ್ಟರು. ಅದರೊಳಗೆ ಅಯಸ್ಕಾಂತದ ಎರಡು ತುದಿಗಳ ನಡುವೆ ಕೂದಲಿಗಿಂತ ತೆಳುವಾದ ತಂತಿ ಸುತ್ತಿದ ಸುರುಳಿಯೊಂದು ತೂಗುತ್ತಿರುತ್ತದೆ. ಅತಿ ಸಣ್ಣ ಕರೆಂಟು ಹರಿದರೂ ಅದು ಒಂದಿಷ್ಟು ತಿರುಗುತ್ತದೆ, ಜೊತೆಗೆ ಮುಳ್ಳೂ ತಿರುಗುತ್ತದೆ. ಅಷ್ಟು ಸೂಕ್ಷ್ಮವಾದದ್ದನ್ನು ಬ್ಯಾಟರಿಗೆ ನೇರವಾಗಿ ಸೇರಿಸಬಾರದು, ನಡುವೆ ದೊಡ್ಡದೊಂದು ರೆಸಿಸ್ಟೆನ್ಸ್ ಇರಲೇಬೇಕು ಎನ್ನುವುದು ಪಿಯುಸಿ ಮಕ್ಕಳಿಗೂ ಗೊತ್ತು. ಅವರು ನೇರವಾಗಿ ಸೇರಿಸಿ ಕೀ ಒತ್ತಿದರು. ಮುಳ್ಳು ಆ ಕೊನೆಗೆ ಹೋಗಿ ಟಕ್ಕೆಂದು ಬಡಿಯಿತು. ಅರಗು ಸುಟ್ಟ ವಾಸನೆ ಬಂತು. ಮುಳ್ಳು ಆಮೇಲೆ ಅಲ್ಲಾಡಲಿಲ್ಲ.

ಅವರು ತಲೆಯೆತ್ತಿ ಸುತ್ತ ನೋಡಿದರು. ಹತ್ತಿರದಲ್ಲಿ ನಿಂತಿದ್ದವಳು ಆಂಧ್ರದ ಗಡಿ ಕಡೆಯ ಹಳ್ಳಿಯಿಂದ ಬರುತ್ತಿದ್ದ ಒಬ್ಬ ಹುಡುಗಿ.

"ಏನಮ್ಮ ಮುಟ್ಟಿದೆ ನೀನು?"

ಹೆದರಿಕೆಗೆ ಅವಳ ಬಾಯಲ್ಲಿ ಕನ್ನಡ ಬರಲಿಲ್ಲ. "ನೇನು ಮುಟ್ಟಲೇದು ಸಾರ್" ಎಂದು ಅತ್ತಳು.

"ಸಾರ್, ಕೀ ಒತ್ತಿದ್ದು ನೀವು" ಎಂದೆ ನಾನು.

"ಒತ್ತಿದ್ದು ನಾನೇ ಮೇಡಂ. ಕೆಡಿಸಿದ್ದು ಅವಳು" ಎಂದು ನಕ್ಕರು.

ಆ ಹುಡುಗಿಗೆ ಆ ವರ್ಷ ಲ್ಯಾಬಿನೊಳಗೆ ಪ್ರವೇಶವಿರಲಿಲ್ಲ. ನಾನು ಪ್ರಿನ್ಸಿಪಾಲರ ತನಕ ಹೋದೆ, ಅವಳ ತಂದೆಯನ್ನೂ ಕರೆಸಿದೆ. ತಂದೆ ಮುಖ್ಯಸ್ಥರ ಎದುರು ಕೈಕಟ್ಟಿ ನಿಂತು ಮಗಳ ಪರವಾಗಿ ಕ್ಷಮೆ ಕೇಳಿ ಹೋದ. ಮುಂದಿನ ವರ್ಷ ಅವಳು ವಿಜ್ಞಾನ ಬಿಟ್ಟು ಕಲಾ ವಿಭಾಗಕ್ಕೆ ಸೇರಿಕೊಂಡಳು. ತನಿಖೆಯವರ ಎದುರು ಈ ಮಹಾನುಭಾವರು ಶಿಸ್ತಿನ ಬಗ್ಗೆ ಭಾಷಣ ಮಾಡಿದರು.

ಇಂಥ ಮನುಷ್ಯನಿಗೆ ತೊಂಬತ್ತರ ದಶಕದ ಆರಂಭದಲ್ಲಿ ಜ್ಞಾನೋದಯವಾಯಿತು. ಮನೆಯ ಹಿಂದಿನ ಕೋಣೆಯಲ್ಲಿ ಕೂತು ಒಂದು ಮರದ ಪೆಟ್ಟಿಗೆ ಮಾಡಿದರು. ಒಳಗೆ ಕಬ್ಬಿಣದ ತುಂಡಿನ ಮೇಲೆ ಸುತ್ತಿದ ತಂತಿಯ ದಪ್ಪ ಸುರುಳಿ, ಹೊರಗೆ ಎರಡು ಪಿನ್ನು, ಮುಚ್ಚಳದ ಸಂದಿಗೆ ಕೆಂಪು ಅರಗಿನ ಮುದ್ರೆ. ಹೆಸರು 'ಶಕ್ತಿಸುರುಳಿ'. ಇದನ್ನು ಪ್ಲಗ್ಗಿಗೆ ಹಾಕಿದರೆ ಮನೆಯ ಮೀಟರು ನಿಧಾನವಾಗುತ್ತದಂತೆ. ಇದರದೇ ತಮ್ಮನೊಂದು ಬಂತು: ಗಾಡಿಯ ಇಂಜಿನ್ನಿನ ಸ್ಪಾರ್ಕ್ ಪ್ಲಗ್ ವೈರಿಗೆ ಸುತ್ತುವ ಸುರುಳಿ. ಅದರಿಂದ ಪೆಟ್ರೋಲು ಉಳಿಯುತ್ತದಂತೆ.

ನಾವು ಮನೆಯಲ್ಲಿ ಉರ್ದು ಆಡುವವರು. ಅಪ್ಪ ತೀರಿಕೊಂಡ ಮೇಲೆ ಮನೆ ನಡೆಸಿದವನು ನನ್ನ ಅಣ್ಣ. ಭಾಯಿ ಎಂದೇ ಕರೆಯುತ್ತಿದ್ದೆ. ರೇಷ್ಮೆಗೂಡು ಬೇಯಿಸಿ ನೂಲು ತೆಗೆಯುವ ಸಣ್ಣ ಫಿಲೇಚರ್ ಅವನದು. ಓದಿದ್ದು ಕಡಿಮೆ, ಆದರೆ ಬೆರಳಿನಲ್ಲಿ ಅವನಿಗೆ ಒಂದು ವಿದ್ಯೆಯಿತ್ತು. ಓಡುತ್ತಿರುವ ಎಳೆಯನ್ನು ಹೆಬ್ಬೆರಳು ತೋರುಬೆರಳಿನ ನಡುವೆ ಬಿಟ್ಟುಕೊಂಡು, ಕಣ್ಣು ಬೇರೆ ಕಡೆ ಇದ್ದರೂ, "ಇದರಲ್ಲಿ ಒಂದು ಗೂಡಿನ ಎಳೆ ಕಡಿದಿದೆ, ಸೇರಿಸಿ" ಎನ್ನುತ್ತಿದ್ದ. ಬೆಂಗಳೂರಿನ ವ್ಯಾಪಾರಿಗಳು ಅವನ ನೂಲನ್ನು ಪರೀಕ್ಷೆ ಮಾಡಿಸದೆ ಒಯ್ಯುತ್ತಿದ್ದರು. ನನ್ನನ್ನು ಎಂ.ಎಸ್ಸಿ. ಓದಿಸಿದ್ದು ಆ ಎರಡು ಬೆರಳುಗಳೇ.

ಒಂದು ಭಾನುವಾರ ಮುಖ್ಯಸ್ಥರು ಪೆಟ್ಟಿಗೆ ಹಿಡಿದು ನಮ್ಮ ಫಿಲೇಚರಿಗೇ ಬಂದರು. ಭಾಯಿ ಕುರ್ಚಿ ಒರೆಸಿ ಕೂರಿಸಿದ. ತಂಗಿಯ ದೊಡ್ಡ ಸಾರ್ ಮನೆಗೆ ಬಂದಿದ್ದಾರೆಂದು ಅವನಿಗೆ ಹೆಮ್ಮೆ. ಅಕ್ಕಪಕ್ಕದಲ್ಲಿ ನೂಲು ತೆಗೆಯುವ ರೀಲರುಗಳೂ ಸೇರಿದರು. ಮುಖ್ಯಸ್ಥರು ಮೇಜಿನ ಮೇಲೆ ಮನೆಗೆ ಹಾಕುವಂಥ ಒಂದು ಮೀಟರು, ಕರೆಂಟು ತೋರಿಸುವ ಒಂದು ಆಮೀಟರು, ತಮ್ಮ ಪೆಟ್ಟಿಗೆ ಜೋಡಿಸಿ ಸ್ವಿಚ್ಚು ಹಾಕಿದರು.

"ಸಾಬ್ರೆ, ಈ ಮುಳ್ಳು ನೋಡಿ. ಕರೆಂಟ್ ಹೋಗ್ತಾ ಐತೋ ಇಲ್ವೋ?"

"ಹೋಗ್ತಾ ಐತೆ ಸಾರ್."

"ಈಗ ಮೀಟ್ರು ನೋಡಿ. ಚಕ್ರ ತಿರುಗ್ತಾ ಐತಾ?"

ಚಕ್ರ ಅಲ್ಲಾಡುತ್ತಿರಲಿಲ್ಲ. ರೀಲರುಗಳು ಬಗ್ಗಿ ನೋಡಿ ಉಸಿರು ಬಿಟ್ಟರು.

"ಕರೆಂಟ್ ಹೋಗ್ತದೆ, ಮೀಟ್ರಿಗೆ ಗೊತ್ತೇ ಆಗಲ್ಲ. ಅಷ್ಟೇ ನನ್ನ ಸಂಶೋಧನೆ."

ನೋಡಿದ್ದು ಸುಳ್ಳಲ್ಲ, ಅದೇ ಇದರ ಕೊಳಕು. ಮೀಟರಿನೊಳಗೆ ಎರಡು ಸುರುಳಿಗಳಿರುತ್ತವೆ. ಸಣ್ಣ ತಂತಿಯನ್ನು ಸಾವಿರಾರು ಸುತ್ತು ಸುತ್ತಿದ್ದು ಒಂದು, ಅದು ವೋಲ್ಟೇಜಿಗೆ. ದಪ್ಪ ತಂತಿಯ ಕೆಲವೇ ಸುತ್ತಿನದು ಇನ್ನೊಂದು, ಮನೆಗೆ ಹೋಗುವ ಕರೆಂಟೆಲ್ಲ ಅದರ ಮೂಲಕವೇ ಹೋಗಬೇಕು. ಎರಡೂ ಸೇರಿ ಅಲ್ಯೂಮಿನಿಯಂ ಚಕ್ರವನ್ನು ತಳ್ಳುತ್ತವೆ. ದೀಪ, ಒಲೆ, ಮೋಟಾರು ನಿಜವಾದ ಕೆಲಸ ಮಾಡುವಾಗ ಆ ಕೆಲಸಕ್ಕೆ ತಕ್ಕಂತೆ ಚಕ್ರ ಓಡುತ್ತದೆ. ಬರೀ ಸುರುಳಿಯೊಂದನ್ನು ಹಾಕಿದರೆ ಅದು ಕರೆಂಟನ್ನು ಎಳೆದುಕೊಳ್ಳುತ್ತದೆ, ಮರುಕ್ಷಣ ಹಾಗೇ ವಾಪಸು ಕಳಿಸುತ್ತದೆ. ಕೆಲಸ ಏನೂ ಆಗುವುದಿಲ್ಲ. ಆದ್ದರಿಂದ ಚಕ್ರ ನಿಂತಿರುತ್ತದೆ. ಮೀಟರು ಮೋಸ ಹೋಗಿಲ್ಲ, ಸರಿಯಾಗಿಯೇ ಅಳೆದಿದೆ. ಪಕ್ಕದಲ್ಲಿ ಒಂದು ಮೋಟಾರು ಹಾಕಿದರೆ ಚಕ್ರ ಎಂದಿನ ಹಾಗೆಯೇ ಓಡುತ್ತದೆ, ಪೆಟ್ಟಿಗೆ ಇದ್ದರೂ ಇಲ್ಲದಿದ್ದರೂ.

"ಸಾರ್, ಅದರ ಜೊತೆಗೆ ಒಂದು ಮೋಟಾರ್ ಹಾಕಿ ತೋರಿಸಿ" ಎಂದೆ.

ಅವರು ನನ್ನ ಕಡೆ ತಿರುಗಿ ಮುಗುಳ್ನಕ್ಕು, "ಮೇಡಂ, ಸಾಬರ ಮನೇಲಿ ಚಹಾ ಬಹಳ ಚೆನ್ನಾಗಿ ಮಾಡ್ತಾರಂತಲ್ಲ?" ಎಂದರು. ಎಲ್ಲರೂ ನಕ್ಕರು. ಭಾಯಿಯೂ ನಕ್ಕು, "ಮುನ್ನಿ, ಸಾರ್‌ಗೆ ಚಹಾ ತಗೊಂಡ್ಬಾ" ಎಂದ.

ಆ ರಾತ್ರಿ ಊಟಕ್ಕೆ ಕೂತಾಗ ನಾನು ಅವನಿಗೆ ಬಿಡಿಸಿ ಹೇಳಿದೆ. ಅವನು ತಟ್ಟೆಯಿಂದ ತಲೆಯೆತ್ತಲಿಲ್ಲ. "ನೀನು ಅವರ ಕೈಕೆಳಗೆ ತಾನೇ ಕೆಲಸ ಮಾಡೋದು? ಅವರಿಗಿಂತ ನಿನಗೆ ಜಾಸ್ತಿ ಗೊತ್ತಾ?" ಎಂದ. ಅಮ್ಮಿ ಮಧ್ಯೆ ಬಂದು ಮಾತು ನಿಲ್ಲಿಸಿದಳು.

ಭಾಯಿ ಪೆಟ್ಟಿಗೆ ಕೊಂಡು ಫಿಲೇಚರಿಗೆ ಹಾಕಿಸಿದ. ಆ ಬೇಸಿಗೆ ಕರೆಂಟೇ ಇರುತ್ತಿರಲಿಲ್ಲ. ದಿನದಲ್ಲಿ ಅರ್ಧ ಹೊತ್ತು ಮೋಟಾರುಗಳು ನಿಂತಿರುತ್ತಿದ್ದವು. ಸಹಜವಾಗಿಯೇ ಬಿಲ್ಲು ಇಳಿಯಿತು. ಕೀರ್ತಿ ಪೆಟ್ಟಿಗೆಗೆ ಹೋಯಿತು. ಶಿಡ್ಲಘಟ್ಟದ ಗಲ್ಲಿ ಗಲ್ಲಿಗಳಲ್ಲಿ ಕೆಂಪು ಅರಗಿನ ಮುದ್ರೆ ಕಾಣತೊಡಗಿತು.

ಒಂದು ಬೆಳಿಗ್ಗೆ ಬಸ್ಸಿನಲ್ಲಿ ಹಿಟ್ಟಿನ ಗಿರಣಿಯವನೊಬ್ಬ ಎದ್ದು ನನಗೆ ಸೀಟು ಬಿಟ್ಟುಕೊಟ್ಟ. "ಕೂತ್ಕೊಳ್ಳಿ ಮೇಡಂ. ನೀವೇ ಅಲ್ವಾ ಪೆಟ್ಟಿಗೆ ಟೆಸ್ಟ್ ಮಾಡಿರೋರು? ಸಾರ್ ಹೇಳಿದ್ರು, ನಮ್ಮ ಡಿಪಾರ್ಟ್‌ಮೆಂಟಿನ ಮೇಡಂ ಚೆಕ್ ಮಾಡಿ ಓಕೆ ಮಾಡಿದಾರೆ ಅಂತ."

ಸೀಟಿನಲ್ಲಿ ಕೂರಲಾಗಲಿಲ್ಲ. ಕಾಲೇಜಿಗೆ ಹೋದವಳೇ ಸ್ಟಾಫ್ ರೂಮಿನಲ್ಲಿ ಅವರನ್ನು ಹಿಡಿದೆ. "ಯಾರನ್ನ ಕೇಳಿ ನನ್ನ ಹೆಸರು ಹೇಳಿದ್ರಿ ಸಾರ್?"

"ನಿಮ್ಮ ಹೆಸರೂ ಬೆಳೀಲಿ ಅಂತ ಮೇಡಂ" ಎಂದರು, ಬಾಳೆಹಣ್ಣು ಸುಲಿಯುತ್ತಾ.

ಸಿಕ್ಕಸಿಕ್ಕವರಿಗೆಲ್ಲ ನಾನು ಆ ಪೆಟ್ಟಿಗೆಗೂ ನನಗೂ ಸಂಬಂಧವಿಲ್ಲವೆಂದು ಹೇಳುತ್ತಾ ಬಂದೆ. ಮೇಲಿನವರ ಮೇಲೆ ಹೊಟ್ಟೆಕಿಚ್ಚು ಎಂದು ಜನ ಮಾತಾಡಿಕೊಂಡರು. ಮನೆಯಲ್ಲಿ ನನ್ನ ಜಗಳಕ್ಕೆ ಸೋತು ಭಾಯಿ ಫಿಲೇಚರಿನ ಪೆಟ್ಟಿಗೆಯನ್ನು ಕಿತ್ತು ಅಟ್ಟಕ್ಕೆ ಎಸೆದ. ಅಲ್ಲಿಗೆ ಮುಗಿಯಿತೆಂದು ನಾನು ತಿಳಿದೆ. ತನ್ನ ಹಳೆಯ ಪೆಟ್ರೋಲ್ ಕಾರಿಗೂ ಅವರಿಂದ ಸುರುಳಿ ಸುತ್ತಿಸಿಕೊಂಡಿದ್ದನ್ನು ಅವನು ನನಗೆ ಹೇಳಿರಲಿಲ್ಲ.

ಗೌರಿಬಿದನೂರಿನಲ್ಲಿ ನೆಂಟರ ಮದುವೆ. ಅಮ್ಮಿ, ಅತ್ತಿಗೆ, ಮಕ್ಕಳು ಹಿಂದೆ. ಭಾಯಿ ಓಡಿಸುತ್ತಿದ್ದ, ಪಕ್ಕದಲ್ಲಿ ನಾನು. ಚಿಕ್ಕಬಳ್ಳಾಪುರ ದಾಟುವಾಗಲೇ ಇಂಜಿನ್ನು ಕೆಮ್ಮತೊಡಗಿತ್ತು. ಮಂಚೇನಹಳ್ಳಿ ಬಿಟ್ಟು ಸ್ವಲ್ಪ ದೂರ ಹೋದ ಮೇಲೆ ನಿಂತೇ ಹೋಯಿತು. ಬಿಸಿಲು ಏರಿತ್ತು. ಮಕ್ಕಳು ಇಳಿದು ಹುಣಸೆಮರದ ನೆರಳಿಗೆ ಓಡಿದರು, ಅವರ ಹಿಂದೆ ಅಮ್ಮಿ, ಅತ್ತಿಗೆ ಹೋದರು. ಭಾಯಿ ಬಾನೆಟ್ ಎತ್ತಿ ಬಗ್ಗಿದ.

"ಮುನ್ನಿ, ಆ ಕಡೆ ಕೂತು ಕೀ ತಿರುಗಿಸು ನೋಡಣ."

ತಿರುಗಿಸಿದೆ. ಬಾನೆಟ್ಟಿನ ಸಂದಿಯಿಂದ ನೀಲಿ ಬೆಳಕೊಂದು ಚಟಚಟ ಎಂದಿತು. ಮರುಕ್ಷಣವೇ ಭಗ್ಗೆಂದು ಬೆಂಕಿ.

ನಾನು ಇಳಿದು ಓಡಿ ಬರುವಷ್ಟರಲ್ಲಿ ಭಾಯಿ ಹೆಗಲ ಮೇಲಿನ ಟವೆಲ್ಲಿನಿಂದ ಬೆಂಕಿಯನ್ನು ಹೊಡೆಯುತ್ತಿದ್ದ. ಟವೆಲ್ಲಿಗೂ ಹತ್ತಿಕೊಂಡಿತು. ಅವನು ಅದನ್ನು ಬಿಡದೆ ಬಲಗೈಯಿಂದ ಒಳಗೆ ಒತ್ತಿದ. ಕಾರಿನಲ್ಲಿ ಇನ್ನೂ ಮಕ್ಕಳಿದ್ದಾರೆ ಎಂದುಕೊಂಡಿದ್ದನಂತೆ. ಎದುರಿನಿಂದ ಬಂದ ಲಾರಿಯವರು ಇಳಿದು ಮಣ್ಣು ಎರಚಿ ಬೆಂಕಿ ನಂದಿಸಿದರು. ಅವರೇ ಅವನನ್ನು ಎತ್ತಿ ಕೂರಿಸಿಕೊಂಡು ಗೌರಿಬಿದನೂರಿನ ಆಸ್ಪತ್ರೆಗೆ ಒಯ್ದರು. ದಾರಿಯುದ್ದಕ್ಕೂ ಅವನು ಕೈಯನ್ನು ಮುಂದೆ ಚಾಚಿಕೊಂಡು, ಅದು ಯಾರದೋ ಕೈ ಎಂಬಂತೆ ನೋಡುತ್ತಾ ಕೂತಿದ್ದ.

ಮೂರನೆಯ ದಿನ ಮೆಕ್ಯಾನಿಕ್ ಜೊತೆ ಹೋಗಿ ಆ ಕಾರನ್ನು ನೋಡಿದೆ. ಇಗ್ನಿಷನ್ ಕಾಯಿಲ್ಲಿನಿಂದ ಹೊರಟ ದಪ್ಪ ವೈರಿನ ರಬ್ಬರನ್ನು ಗೇಣುದ್ದ ಹೆರೆದು ತಾಮ್ರದ ತಂತಿ ಸುತ್ತಿದ್ದರು. ತುದಿಯಲ್ಲಿ ಅರ್ಧ ಕರಗಿದ ಕೆಂಪು ಅರಗು.

ಕಾಯಿಲ್ಲು ಏನು ಮಾಡುತ್ತದೆಂದು ಈ ಮನುಷ್ಯ ವರ್ಷಗಟ್ಟಲೆ ಬರೆಸಿದ್ದರು. ಬ್ಯಾಟರಿಯ ಹನ್ನೆರಡು ವೋಲ್ಟಿಗೆ ಪ್ಲಗ್ಗಿನಲ್ಲಿ ಕಿಡಿ ಹಾರುವುದಿಲ್ಲ. ಕಾಯಿಲ್ಲಿನೊಳಗಿನ ಎರಡು ಸುರುಳಿಗಳಲ್ಲಿ ಮೊದಲನೆಯದರಲ್ಲಿ ಆ ಕರೆಂಟು ಹರಿಯುತ್ತಿರುತ್ತದೆ. ಇಂಜಿನ್ನಿನಲ್ಲಿ ಪಾಯಿಂಟು ಎನ್ನುವ ಪುಟ್ಟ ಸ್ವಿಚ್ಚು ಅದನ್ನು ಫಕ್ಕನೆ ಕಡಿಯುತ್ತದೆ. ಕಡಿದ ಆ ಕ್ಷಣ, ಸಾವಿರಾರು ಸುತ್ತುಗಳ ಎರಡನೆಯ ಸುರುಳಿಯಲ್ಲಿ ಸಾವಿರಾರು ವೋಲ್ಟು ಹುಟ್ಟುತ್ತದೆ. ಅದನ್ನು ಪ್ಲಗ್ಗಿನ ತನಕ ಬೇರೆಲ್ಲೂ ಹಾರದಂತೆ ಕಾಯುವುದು ಆ ದಪ್ಪ ರಬ್ಬರು. ಅದನ್ನು ಹೆರೆದು ತಂತಿ ಸುತ್ತಿದರೆ ಕಿಡಿ ಹತ್ತಿರದ ಕಬ್ಬಿಣಕ್ಕೆ ಹಾರುತ್ತದೆ. ಹಳೆಯ ಗಾಡಿ, ಕೆಳಗೆ ಪೆಟ್ರೋಲ್ ಪಂಪು ಜಿನುಗುತ್ತಿತ್ತು. ಇನ್ನೇನು ಬೇಕು?

ಅವರು ದಡ್ಡರೋ ಕಳ್ಳರೋ ಎಂದು ಆ ದಿನಗಳಲ್ಲಿ ನನ್ನನ್ನು ನಾನೇ ಕೇಳಿಕೊಳ್ಳುತ್ತಿದ್ದೆ. ದಡ್ಡರಾಗಿದ್ದರೆ ಎಲ್ಲೋ ಒಂದು ಕಡೆ ಕ್ಷಮಿಸಬಹುದಿತ್ತು. ಉತ್ತರ ಸಿಕ್ಕಿದ್ದು ಅವರ ಮನೆಯಲ್ಲೇ.

ಭಾನುವಾರ ಬೆಳಿಗ್ಗೆ ಹೋದೆ. ಅವರು ಸ್ನಾನಕ್ಕೆ ಹೋಗಿದ್ದರು. ಹೆಂಡತಿ ಬಾಗಿಲು ತೆಗೆದು, ಭಾಯಿಯ ವಿಷಯ ಕೇಳಿ ಕಣ್ಣಲ್ಲಿ ನೀರು ತಂದುಕೊಂಡು, ಕೂರಿಸಿ ಕಾಫಿ ಕೊಟ್ಟರು. ನಡುಮನೆಯ ಒಂದು ಗೋಡೆಯುದ್ದಕ್ಕೂ ಮಾರಾಟಕ್ಕೆ ಸಿದ್ಧವಾದ ಪೆಟ್ಟಿಗೆಗಳು. ಬಾಗಿಲ ಮೇಲೆ ಅವರ ಮನೆಯ ಮೀಟರು ಓಡುತ್ತಿತ್ತು. ಮನೆಯ ಯಾವ ಪ್ಲಗ್ಗಿನಲ್ಲೂ ಶಕ್ತಿಸುರುಳಿ ಇರಲಿಲ್ಲ. ಅಂಗಳದಲ್ಲಿದ್ದ ಸ್ಕೂಟರನ್ನು ಬಗ್ಗಿ ನೋಡಿದೆ. ಅದರ ಪ್ಲಗ್ ವೈರಿಗೂ ಸುರುಳಿ ಸುತ್ತಿರಲಿಲ್ಲ.

"ನಿಮ್ಮ ಮನೆಗೆ ಹಾಕಿಲ್ವೇನಮ್ಮ?" ಎಂದು ಕೇಳಿದೆ.

"ನಾನೂ ಕೇಳ್ದೆ ಕಣಮ್ಮ. ಬ್ಯಾಡ ಅಂತಾರೆ. ಅದು ಮಾರೋಕೆ ಮಾಡಿರೋದು, ಮನೆಗಲ್ಲ ಅಂತಾರೆ" ಎಂದರು ಆ ತಾಯಿ, ಏನೂ ಅರಿಯದೆ.

ಅವರು ಟವೆಲ್ ಸುತ್ತಿಕೊಂಡು, ಹಣೆಗೆ ವಿಭೂತಿ ಇಟ್ಟುಕೊಂಡು ಬಂದರು. ನಾನು ಕಾರಿನಿಂದ ಬಿಚ್ಚಿ ತಂದಿದ್ದ ವೈರನ್ನು ಮುಂದೆ ಹಿಡಿದೆ. ಅದನ್ನು ಮುಟ್ಟಲಿಲ್ಲ. ಕಣ್ಣು ಕಿರಿದು ಮಾಡಿ ನೋಡಿದರು.

"ಫಿಟ್ಟಿಂಗ್ ಸರಿಯಾಗೇ ಇತ್ತು. ಆಮೇಲೆ ಯಾರೋ ಕೈ ಹಾಕಿದಾರೆ. ಅಂದಹಾಗೆ ಮೇಡಂ, ಕೀ ತಿರುಗಿಸಿದ್ದು ನೀವೇ ಅಂತಲ್ಲ?"

ಅವರ ಹೆಂಡತಿ "ಅಯ್ಯೋ ಸುಮ್ನಿರಿ" ಎಂದು ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ನಾನು ಅಲ್ಲಿಯೇ, ಅವರ ಹೆಂಡತಿಯ ಎದುರಿಗೇ, "ನೀವು ಮೇಷ್ಟ್ರಲ್ಲ ಸಾರ್, ಕಳ್ಳರು" ಎಂದು ಹೇಳಿದೆ. ಅವರಿಗೆ ಸಿಟ್ಟೂ ಬರಲಿಲ್ಲ. ಮಳೆ ನಿಲ್ಲಲಿ ಎಂದು ಕಾಯುವವರ ಹಾಗೆ ನಾನು ಮುಗಿಸುವುದನ್ನೇ ಕಾದು ನಿಂತಿದ್ದರು.

ಪೊಲೀಸರಿಗೆ ದೂರು ಕೊಡಲು ಭಾಯಿ ಒಪ್ಪಲಿಲ್ಲ. "ನಾನೇ ಕರೆದು ಹಾಕಿಸ್ಕೊಂಡೆ. ನಿನಗೆ ಹೇಳಲಿಲ್ಲ ಬೇರೆ. ಯಾವ ಮುಖ ಇಟ್ಕೊಂಡು ಹೋಗಲಿ?" ಎಂದ. ಹಾಗಾಗಿ ನಾನು ನನಗೆ ತಿಳಿದ ಕೆಲಸ ಮಾಡಿದೆ. ಲ್ಯಾಬಿನ ಬೀಗ ತೆಗೆಸಿ, ಕಾಲೇಜಿನವರನ್ನೆಲ್ಲ ಕರೆದು, ಊರಿನಲ್ಲಿ ಪೆಟ್ಟಿಗೆ ಕೊಂಡಿದ್ದವರಿಗೂ ಬರಹೇಳಿದೆ. ಮೀಟರಿಗೆ ಒಂದು ಹೀಟರು ಹಾಕಿದೆ. ಚಕ್ರದ ಮೇಲಿನ ಕೆಂಪು ಗುರುತು ಎಷ್ಟು ಸಲ ಸುತ್ತುತ್ತದೆಂದು ಮಕ್ಕಳು ಗಟ್ಟಿಯಾಗಿ ಎಣಿಸಿದರು. ಆಮೇಲೆ ಶಕ್ತಿಸುರುಳಿಯನ್ನೂ ಪಕ್ಕಕ್ಕೆ ಹಾಕಿ ಅಷ್ಟೇ ಹೊತ್ತು ಎಣಿಸಿದರು. ಒಂದು ಸುತ್ತೂ ಕಡಿಮೆಯಾಗಲಿಲ್ಲ. ಗಿರಣಿಯವನು ಎದ್ದು ಬಂದು ತಾನೇ ಇನ್ನೊಮ್ಮೆ ಹಾಕಿ ತೆಗೆದು ನೋಡಿದ. ಬಾಗಿಲಲ್ಲಿ ಕೋಟಿನ ಜೇಬಿಗೆ ಕೈಯಿಟ್ಟು ನಿಂತಿದ್ದ ಸಂಶೋಧಕರು, "ಇವತ್ತು ವೋಲ್ಟೇಜ್ ಸರಿಯಿಲ್ಲ" ಎಂದು ಹೇಳಿ ಹೊರಟುಹೋದರು.

ಚಿಂತಾಮಣಿ, ಶಿಡ್ಲಘಟ್ಟದಲ್ಲಿ ಪೆಟ್ಟಿಗೆ ನಿಂತಿತು. ಗಡಿಯಾಚೆಯ ಊರುಗಳಲ್ಲಿ ಇನ್ನೂ ಕೆಲವು ಕಾಲ ಮಾರಿದರೆಂದು ಕೇಳಿದೆ. "ನಿವೃತ್ತಿಗೆ ಬಂದಿದಾರೆ, ದೊಡ್ಡದು ಮಾಡ್ಬೇಡಿ ಮೇಡಂ" ಎಂದರು ಪ್ರಿನ್ಸಿಪಾಲರು. ನಿವೃತ್ತಿಯ ದಿನ ಅವರಿಗೆ ಶಾಲು, ಹಾರ, ಬೆಳ್ಳಿಯ ತಟ್ಟೆ. ನಾನು ಹೋಗಲಿಲ್ಲ. ಭಾಷಣದಲ್ಲಿ ತಾವು ಇದ್ದಷ್ಟು ಕಾಲ ಲ್ಯಾಬಿನ ಒಂದು ಉಪಕರಣವೂ ಕೆಟ್ಟಿಲ್ಲವೆಂದು ಹೇಳಿ ಕಣ್ಣೊರೆಸಿಕೊಂಡರಂತೆ.

ಭಾಯಿಯ ಕೈ ವಾಸಿಯಾಯಿತು. ಚರ್ಮ ಬಂತು, ಬೆರಳು ಮಡಚಲೂ ಬಂದವು. ಬೆರಳ ತುದಿಗಳಲ್ಲಿ ಮಾತ್ರ ಸ್ಪರ್ಶ ತಿರುಗಿ ಬರಲಿಲ್ಲ. ಓಡುವ ನೂಲನ್ನು ಹಿಡಿದರೆ ಅದು ಇದೆಯೋ ಇಲ್ಲವೋ ಅವನಿಗೆ ತಿಳಿಯುತ್ತಿರಲಿಲ್ಲ. ಎಡಗೈಗೆ ಕಲಿಸಲು ನೋಡಿದ, ಆಗಲಿಲ್ಲ. ವ್ಯಾಪಾರಿಗಳು ಅವನ ನೂಲನ್ನೂ ಪರೀಕ್ಷೆಗೆ ಕಳಿಸತೊಡಗಿದರು. ಒಂದೆರಡು ವರ್ಷದಲ್ಲಿ ಫಿಲೇಚರನ್ನು ಬೇರೆಯವರಿಗೆ ಬಿಟ್ಟುಕೊಟ್ಟು, ಗೂಡಿನ ಮಾರ್ಕೆಟ್ಟಿನ ಹತ್ತಿರ ಒಂದು ಸಣ್ಣ ಅಂಗಡಿ ಇಟ್ಟ.

ತೊಂಬತ್ತರ ದಶಕ ಮುಗಿಯುತ್ತಿದ್ದಾಗ ಒಂದು ದಿನ ನಾನೂ ಭಾಯಿಯೂ ಚಿಂತಾಮಣಿ ಬಸ್ ಸ್ಟ್ಯಾಂಡಿನಲ್ಲಿ ನಿಂತಿದ್ದೆವು. ಅವರು ಬಂದರು. ಕೂದಲು ನರೆತಿತ್ತು, ಮೈ ತುಂಬಿಕೊಂಡಿತ್ತು, ಕೈಯಲ್ಲಿ ಮೊಮ್ಮಗಳಿಗೆಂದು ಕೊಂಡ ಪ್ಲಾಸ್ಟಿಕ್ಕಿನ ಗೊಂಬೆ. ನಾನು ಮುಖ ತಿರುಗಿಸಿದೆ. ಅವರು ನೇರ ಭಾಯಿಯ ಬಳಿಗೆ ಹೋಗಿ, ಹಳೆಯ ನೆಂಟರ ಹಾಗೆ ಅವನ ಬಲಗೈಯನ್ನು ತಮ್ಮ ಎರಡೂ ಕೈಯಲ್ಲಿ ಹಿಡಿದುಕೊಂಡರು.

"ಏನ್ ಸಾಬ್ರೆ, ಚೆನ್ನಾಗಿದೀರಾ? ಕೈ ಹೆಂಗಿದೆ ಈಗ? ಉರಿ ಗಿರಿ ಏನಾದ್ರೂ ಐತಾ?"

ಭಾಯಿ ಅವರ ಕೈಗಳ ನಡುವೆ ಇದ್ದ ತನ್ನ ಕೈಯನ್ನು ನೋಡಿದ.

"ಇಲ್ಲ ಸಾರ್. ಈಗ ಏನೂ ಗೊತ್ತಾಗಲ್ಲ."

"ಒಳ್ಳೇದಾಯ್ತು ಬಿಡಿ!" ಎಂದು ಅವರು ಆ ಕೈಯ ಮೇಲೆ ಎರಡು ಸಲ ತಟ್ಟಿ, ಬಂದ ಬಸ್ಸನ್ನು ಹತ್ತಿ ಕಿಟಕಿಯ ಪಕ್ಕದ ಸೀಟು ಹಿಡಿದು ಕೂತರು.